ಕೈಗೆ ಬರುವ ವಿದ್ಯೆ: ವಾದ್ಯ ಕಲಿಕೆಯಲ್ಲಿ ಪ್ರತಿಭೆ ಮತ್ತು ಸಾಧಕ



ನಮ್ಮಲ್ಲಿ ಎರಡು ಗಾದೆಗಳು ಚಾಲ್ತಿಯಲ್ಲಿವೆ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎನ್ನುವುದು ಒಂದು. ‘ಹಾಡ್ತಾ ಹಾಡ್ತಾ ರಾಗ’ ಎನ್ನುವುದು ಇನ್ನೊಂದು. ಮೊದಲನೆಯದು ಹುಟ್ಟಿನ ಪರ, ಎರಡನೆಯದು ಸಾಧಕದ, ಅಂದರೆ ಅಭ್ಯಾಸದ, ಪರ. ವೀಣೆ ಕಲಿಸುವ ನನ್ನಂಥವರ ಬಳಿ ಬರುವ ಹೆತ್ತವರು ಹೆಚ್ಚಾಗಿ ಮೊದಲನೆಯ ಗಾದೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರುತ್ತಾರೆ. ‘ನಮ್ಮ ಮಗುವಿಗೆ ಸಂಗೀತ ಬರುತ್ತದೆಯೋ ಇಲ್ಲವೋ ನೋಡಿ ಹೇಳಿ, ಬರುವ ಹಾಗಿದ್ದರೆ ಸೇರಿಸುತ್ತೇವೆ’ ಎನ್ನುತ್ತಾರೆ. ಇದರ ಹಿಂದಿರುವುದು ಪ್ರೀತಿ. ಮಗುವಿಗೆ ನಿರಾಸೆಯಾಗಬಾರದು, ಹಣವೂ ಕಾಲವೂ ವ್ಯರ್ಥವಾಗಬಾರದು ಎಂಬ ಕಾಳಜಿ. ಆದರೂ ಈ ಕೇಳಿಕೆಯ ಕ್ರಮ ತಲೆಕೆಳಗಾಗಿದೆ ಎಂದು ನಾನು ನಂಬಿದ್ದೇನೆ. ಪ್ರತಿಭೆ ಇದೆಯೋ ಇಲ್ಲವೋ ಎಂಬುದು ಸಾಧಕಕ್ಕೆ ಮೊದಲು ತಿಳಿಯುವ ಸಂಗತಿಯಲ್ಲ. ಸಾಧಕದ ಒಳಗೆ, ವರ್ಷಗಳು ಕಳೆದ ಮೇಲೆ, ಅದು ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಮೊದಲು ಕೊಡಬೇಕಾದದ್ದು ಪಾಠ, ತೀರ್ಪಲ್ಲ. ಇವತ್ತಿನ ಉಪನ್ಯಾಸದಲ್ಲಿ ನಾನು ಹೇಳಬೇಕಾದ ಮಾತು ಇದೊಂದೇ.

ಹಳೆಯ ಚರ್ಚೆ

ಈ ವಾದ ನಮಗೆ ಹೊಸದಲ್ಲ. ಸಂಸ್ಕೃತದ ಅಲಂಕಾರಶಾಸ್ತ್ರಜ್ಞರು ಕಾವ್ಯಕ್ಕೆ ಕಾರಣ ಯಾವುದು ಎಂದು ಶತಮಾನಗಳ ಕಾಲ ಚರ್ಚಿಸಿದರು. ಹುಟ್ಟಿನಿಂದ ಬಂದ ಪ್ರತಿಭೆ, ಶುದ್ಧವಾದ ಓದು, ಬಿಡದ ಅಭ್ಯಾಸ ಈ ಮೂರನ್ನೂ ದಂಡಿ ಹೇಳಿದ. ಅಷ್ಟಕ್ಕೇ ನಿಲ್ಲಲಿಲ್ಲ. ಹಿಂದಿನ ಸಂಸ್ಕಾರದಿಂದ ಬರುವ ಅದ್ಭುತ ಪ್ರತಿಭೆ ಇಲ್ಲದಿದ್ದರೂ, ಓದಿನಿಂದಲೂ ಶ್ರಮದಿಂದಲೂ ಉಪಾಸನೆ ಮಾಡಿದವನಿಗೆ ವಾಗ್ದೇವಿ ಸ್ವಲ್ಪವಾದರೂ ಅನುಗ್ರಹ ಮಾಡಿಯೇ ಮಾಡುತ್ತಾಳೆ ಎಂದೂ ಸೇರಿಸಿದ. ಕನ್ನಡದ ‘ಕವಿರಾಜಮಾರ್ಗ’ ತನ್ನ ಲಕ್ಷಣಗಳಿಗೆ ಬಹುಮಟ್ಟಿಗೆ ಆಶ್ರಯಿಸಿದ್ದು ಈ ದಂಡಿಯನ್ನೇ. ಮುಂದೆ 11ನೆಯ ಶತಮಾನದಲ್ಲಿ ಮಮ್ಮಟ ಇನ್ನೊಂದು ಹೆಜ್ಜೆ ಇಟ್ಟ. ಶಕ್ತಿ, ನಿಪುಣತೆ, ಅಭ್ಯಾಸ ಇವು ಮೂರು ಬೇರೆ ಬೇರೆ ಕಾರಣಗಳಲ್ಲ, ಮೂರೂ ಸೇರಿ ಒಂದೇ ಕಾರಣ ಎಂದ. ಅಭ್ಯಾಸವೆಂದರೂ ಬಲ್ಲವರ ಶಿಕ್ಷಣದಲ್ಲಿ ನಡೆಯುವ ಅಭ್ಯಾಸ ಎಂದು ಸ್ಪಷ್ಟಪಡಿಸಿದ.

ಕಾವ್ಯದ ಬಗ್ಗೆ ಆಡಿದ ಈ ಮಾತು ವಾದ್ಯಕ್ಕೆ ಇನ್ನೂ ಹೆಚ್ಚು ಸಲ್ಲುತ್ತದೆ. ಏಕೆಂದರೆ ಮಾತು ಎಲ್ಲ ಮಕ್ಕಳಿಗೂ ಮನೆಯಲ್ಲೇ ಬಂದಿರುತ್ತದೆ. ಪಿಟೀಲಿನ ಕಮಾನು ಹಿಡಿಯುವುದು ಯಾರಿಗೂ ಹಾಗೆ ಬಂದಿರುವುದಿಲ್ಲ.

ಮೊದಲ ಪಾಠದಲ್ಲಿ ಏನಿದೆ

ವೀಣೆಯನ್ನೇ ನೋಡೋಣ. ಮೇಣದಲ್ಲಿ ಕೂರಿಸಿದ 24 ಮೆಟ್ಟುಗಳು, ನುಡಿಸಲು ನಾಲ್ಕು ತಂತಿ, ತಾಳಕ್ಕೆ ಮೂರು. ಎಡಗೈಯ ಎರಡು ಬೆರಳು ಮೆಟ್ಟುಗಳ ಮೇಲೆ ಓಡಾಡಬೇಕು. ಬಲಗೈಯ ಎರಡು ಬೆರಳು ಮೀಟಬೇಕು, ಅದೇ ಕೈಯ ಕಿರುಬೆರಳು ತಾಳದ ತಂತಿ ನೋಡಿಕೊಳ್ಳಬೇಕು. ಮೆಟ್ಟಿನ ಮೇಲೆ ಬೆರಳಿಟ್ಟರೆ ಸ್ವರ ಸಿಗುತ್ತದೆ ನಿಜ, ಆದರೆ ನಮ್ಮ ಸಂಗೀತದ ಜೀವ ಗಮಕ. ಅದಕ್ಕೆ ತಂತಿಯನ್ನು ಪಕ್ಕಕ್ಕೆ ಎಳೆಯಬೇಕು. ಎಷ್ಟು ಎಳೆದರೆ ಮುಂದಿನ ಸ್ವರ ಸರಿಯಾಗಿ ಮುಟ್ಟುತ್ತದೆ ಎಂಬುದನ್ನು ಯಾವ ಮೆಟ್ಟೂ ಹೇಳುವುದಿಲ್ಲ, ಕಿವಿಯೇ ಹೇಳಬೇಕು. ಪಿಟೀಲಿನಲ್ಲಿ ಮೆಟ್ಟೂ ಇಲ್ಲ. ಮೇಲಿನ ಸ್ಥಾಯಿಗೆ ಹೋದಷ್ಟೂ ಸ್ವರಸ್ಥಾನಗಳು ಹತ್ತಿರ ಹತ್ತಿರ ಬರುತ್ತವೆ, ಬೆರಳು ಕೂದಲೆಳೆಯಷ್ಟು ಸರಿದರೂ ಅಪಸ್ವರ. ಮೊದಲ ತಿಂಗಳುಗಳಲ್ಲಿ ಬೆರಳ ತುದಿ ನೋಯುತ್ತದೆ, ಬೊಬ್ಬೆ ಬರುತ್ತದೆ, ಆಮೇಲೆ ಜಡ್ಡುಗಟ್ಟುತ್ತದೆ. ಈ ಘಟ್ಟದಲ್ಲಿ ಮಗುವನ್ನು ನೋಡಿ ‘ಇದಕ್ಕೆ ಕೈ ಇಲ್ಲ’ ಎನ್ನುವವರು ನೋಡುತ್ತಿರುವುದು ಪ್ರತಿಭೆಯನ್ನಲ್ಲ, ಚರ್ಮವನ್ನು.

ಪುರಂದರದಾಸರ ಹೆಸರಿನಲ್ಲಿ ನಮಗೆ ಬಂದಿರುವ ಪಾಠಕ್ರಮ ಈ ಸತ್ಯವನ್ನು ಚೆನ್ನಾಗಿ ಬಲ್ಲದು. ಸರಳೆ, ಜಂಟಿವರಸೆ, ದಾಟುವರಸೆ, ಅಲಂಕಾರ, ಗೀತೆ, ಆಮೇಲೆ ವರ್ಣ. ಮೊದಲ ಪಾಠಕ್ಕೆ ಮಾಯಾಮಾಳವಗೌಳ ರಾಗವನ್ನು ಇಟ್ಟದ್ದರಲ್ಲಿ ವಿವೇಕವಿದೆ. ಷಡ್ಜದಿಂದ ಮಧ್ಯಮದವರೆಗೆ ಸ್ವರಗಳ ನಡುವೆ ಎಷ್ಟು ಅಂತರವಿದೆಯೋ, ಪಂಚಮದಿಂದ ಮೇಲಿನ ಷಡ್ಜದವರೆಗೂ ಅಷ್ಟೇ ಅಂತರ. ಕೆಳಗಿನ ಅರ್ಧವನ್ನು ಕಲಿತ ಕಿವಿ ಮೇಲಿನ ಅರ್ಧವನ್ನು ತಾನೇ ಗುರುತಿಸುತ್ತದೆ. ಪ್ರತಿ ಪಾಠವನ್ನೂ ಮೂರು ಕಾಲಗಳಲ್ಲಿ ನುಡಿಸಬೇಕು. ಮೂರನೆಯ ಕಾಲದ ವೇಗ ಕೇಳುವವರಿಗೆ ಆಕರ್ಷಕ, ಆದರೆ ಕಲಿಯುವವರಿಗೆ ನಿಜವಾಗಿ ಕಷ್ಟವಾದದ್ದು ಮೊದಲ ಕಾಲ. ಅಲ್ಲಿ ಒಂದೊಂದು ಸ್ವರವೂ ಬಯಲಿನಲ್ಲಿ ನಿಂತಿರುತ್ತದೆ, ತಪ್ಪನ್ನು ಮರೆಸುವುದಕ್ಕೆ ವೇಗದ ಆಸರೆ ಇರುವುದಿಲ್ಲ.

ಈ ಕ್ರಮವನ್ನು ರೂಪಿಸಿದವರು ಕಲಿಯಲು ಬಂದವರನ್ನು ಪ್ರತಿಭಾವಂತರು, ಉಳಿದವರು ಎಂದು ಬೇರ್ಪಡಿಸಲಿಲ್ಲ. ನಾಳೆ ವಿದ್ವಾಂಸರಾಗುವವರಿಗೂ, ಮನೆಯಲ್ಲಿ ದೇವರ ಮುಂದೆ ನುಡಿಸಿಕೊಳ್ಳುವವರಿಗೂ ಮೊದಲ ಸರಳೆ ಅದೇ. ಎಲ್ಲರೂ ಒಂದೇ ಬಾಗಿಲಿನಿಂದ ಒಳಗೆ ಬರಲಿ ಎಂಬ ನಂಬಿಕೆ ಆ ಕ್ರಮದೊಳಗೇ ಇದೆ.

ಮೂವರು ಸಾಧಕರು

ನಮ್ಮ ನಾಡಿನ ಮೂವರ ಬದುಕನ್ನು ನೆನೆಯುತ್ತೇನೆ.

ಟಿ. ಚೌಡಯ್ಯನವರು 1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿದರು. ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಗಾಯಕರು, ಶಿಷ್ಯರ ವಿಷಯದಲ್ಲಿ ನಿಷ್ಠುರರು. ಅವರ ಗುರುಕುಲದಲ್ಲಿ ಚೌಡಯ್ಯನವರು ಹಲವು ವರ್ಷ ಕಲಿತರು. ಪಿಟೀಲು ನುಡಿಸುವವನಿಗೆ ಗಾಯಕ ಗುರು ಏನು ಕೊಡಬಲ್ಲರು? ಹಾಡಿನ ಉಸಿರನ್ನು, ಸಾಹಿತ್ಯದ ತೂಕವನ್ನು, ತಪ್ಪನ್ನು ಬಿಟ್ಟುಕೊಡದ ಕಿವಿಯನ್ನು. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಬೇಕೆಂದು ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿದರು. ಹಾಗೆ ಮಾಡಿದ ಮೇಲೆ ಕೈಯನ್ನು ಮತ್ತೆ ಮೊದಲಿನಿಂದ ಪಳಗಿಸಬೇಕಾಗುತ್ತದೆ. ಜೋಡಿ ತಂತಿಗಳನ್ನು ಒಂದೇ ಬೆರಳು ಒತ್ತಬೇಕು, ಒಂದೇ ಕಮಾನು ಎಳೆಯಬೇಕು, ಎರಡೂ ಶ್ರುತಿ ತಪ್ಪದೆ ನುಡಿಯಬೇಕು. ಹೆಸರು ಬಂದ ಮೇಲೂ ವಿದ್ಯಾರ್ಥಿಯಾಗಲು ಒಪ್ಪಿದವರಿಗೆ ಮಾತ್ರ ಇದು ಸಾಧ್ಯ. 1957ರಲ್ಲಿ ಅವರಿಗೆ ‘ಸಂಗೀತ ಕಲಾನಿಧಿ’ ಬಿರುದು ಬಂತು.

ಕದ್ರಿ ಗೋಪಾಲನಾಥರು 1949ರಲ್ಲಿ ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ ಹುಟ್ಟಿದರು. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ ಹುಡುಗ ಅದನ್ನೇ ಹಿಡಿದ. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಆಮೇಲೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಪಾಠವಾಯಿತು. ಸ್ಯಾಕ್ಸೊಫೋನಿನ ಕೀಲಿಗಳು ಬಿಡಿ ಬಿಡಿ ಸ್ವರಗಳಿಗಾಗಿ ಮಾಡಿದವು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ತೂಗುವುದು ಆ ವಾದ್ಯದ ಕಟ್ಟಿನಲ್ಲೇ ಇರಲಿಲ್ಲ. ತುಟಿಯ ಒತ್ತಡ, ಉಸಿರಿನ ಹದ, ಕೀಲಿಗಳಲ್ಲಿ ತಾವೇ ಮಾಡಿಕೊಂಡ ಮಾರ್ಪಾಡು ಇವುಗಳಿಂದ ಅವರು ಗಮಕವನ್ನು ಹೊರತೆಗೆದರು. ವಾದ್ಯ ಕೈವಶವಾಗಲು ಇಪ್ಪತ್ತು ವರ್ಷಗಳಷ್ಟು ಹಿಡಿಯಿತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ಉತ್ಸವದಲ್ಲಿ ಅವರು ನುಡಿಸಿದರು. ಕರ್ನಾಟಕ ಸಂಗೀತಕ್ಕೆ ಆಗದ ವಾದ್ಯ ಎಂದು ಒಂದು ದಿನದ ಪರೀಕ್ಷೆಯಲ್ಲಿ ತಳ್ಳಿಹಾಕಬಹುದಾಗಿದ್ದ ವಾದ್ಯ ಅದು. ಆಗುತ್ತದೆ ಎಂದು ತೋರಿಸಿದ್ದು ಆ ದೀರ್ಘ ಸಾಧಕ.

ಮೂರನೆಯವರು ಸರೋದ್ ವಾದಕ ರಾಜೀವ ತಾರಾನಾಥರು. 1932ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಪಂಡಿತ ತಾರಾನಾಥರ ಮಗ. ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾದವರು. ಅಲಿ ಅಕ್ಬರ್ ಖಾನರ ಸರೋದ್ ಕೇಳಿ ಆ ವಾದ್ಯಕ್ಕೆ ಮನಸೋತಾಗ ಅವರು ಮಗುವಲ್ಲ, ಯುವಕ. ಐದಾರನೆಯ ವಯಸ್ಸಿಗೇ ಕೂರಿಸದಿದ್ದರೆ ಕೈ ತಿರುಗುವುದಿಲ್ಲ ಎನ್ನುವವರಿಗೆ ಅವರ ಬದುಕು ಉತ್ತರ. ಆದರೆ ಒಂದು ಮಾತು ಮರೆಯಬಾರದು. ಬೆರಳಿಗೆ ಸರೋದ್ ಹೊಸದಾಗಿದ್ದರೂ ಕಿವಿಗೆ ಸಂಗೀತ ಹೊಸದಾಗಿರಲಿಲ್ಲ. ಬಾಲ್ಯದಲ್ಲಿಯೇ ತಂದೆಯಿಂದ ಹಾಡುಗಾರಿಕೆಯ ಸಂಸ್ಕಾರ ಆಗಿತ್ತು.

ಬಾಲಪ್ರತಿಭೆಯ ಮನೆ

ಹಾಗಾದರೆ ಹುಟ್ಟಾ ಪ್ರತಿಭೆ ಸುಳ್ಳೇ ಎಂದು ನೀವು ಕೇಳಬಹುದು. ಖಂಡಿತ ಸುಳ್ಳಲ್ಲ. ಮ್ಯಾಂಡೊಲಿನ್ ಶ್ರೀನಿವಾಸರು ಒಂಬತ್ತನೆಯ ವಯಸ್ಸಿಗೆ ಸಭೆಯಲ್ಲಿ ಕಚೇರಿ ಮಾಡಿದರು. ವೀಣೆ ಶೇಷಣ್ಣನವರು ಬಾಲ್ಯದಲ್ಲಿ ಆಸ್ಥಾನವನ್ನು ಬೆರಗುಗೊಳಿಸಿದ ಕಥೆಗಳನ್ನು ಮೈಸೂರು ಇನ್ನೂ ಹೇಳಿಕೊಳ್ಳುತ್ತದೆ. ಒಂದೇ ಪಾಠ ಹೇಳಿಸಿಕೊಂಡ ಇಬ್ಬರು ಮಕ್ಕಳಲ್ಲಿ ಒಂದಕ್ಕೆ ಬೇಗ ಕೈಗೆ ಬರುತ್ತದೆ, ಇನ್ನೊಂದಕ್ಕೆ ತಡವಾಗುತ್ತದೆ. ಪಾಠ ಹೇಳುವ ಯಾರೂ ಇದನ್ನು ಅಲ್ಲಗಳೆಯಲಾರರು.

ಆದರೆ ಆ ಬಾಲಪ್ರತಿಭೆಗಳು ಬೆಳೆದ ಮನೆಗಳನ್ನು ನೋಡಿ. ಶೇಷಣ್ಣನವರ ತಂದೆ ಚಿಕ್ಕರಾಮಪ್ಪ ಆಸ್ಥಾನದ ವೈಣಿಕರು. ಶೇಷಣ್ಣನವರಿಗೆ ಹಾಡುಗಾರಿಕೆಯ ಪಾಠ ಹೇಳಿದವರು ಮೈಸೂರು ಸದಾಶಿವರಾಯರು. ಶ್ರೀನಿವಾಸರ ತಂದೆ ಸ್ವತಃ ಮ್ಯಾಂಡೊಲಿನ್ ನುಡಿಸುತ್ತಿದ್ದರು. ಅವರ ಗುರು ರುದ್ರರಾಜು ಸುಬ್ಬರಾಜು ಅವರಿಗೆ ಮ್ಯಾಂಡೊಲಿನ್ ಬರುತ್ತಿರಲಿಲ್ಲ. ಅವರು ಹಾಡುತ್ತಿದ್ದರು, ಹುಡುಗ ಅದನ್ನು ತಂತಿಗೆ ತರುತ್ತಿದ್ದ. ಯುರೋಪಿನಲ್ಲಿ ಬಾಲಪ್ರತಿಭೆ ಎಂದರೆ ಮೊದಲು ನೆನಪಾಗುವ ಮೊಜಾರ್ಟ್ ಹುಟ್ಟಿದ್ದು 1756ರಲ್ಲಿ. ಅವನ ತಂದೆ ಲಿಯೊಪೋಲ್ಡ್ ಪಿಟೀಲು ಕಲಿಸುವ ವಿಧಾನದ ಬಗ್ಗೆ ಬರೆದ ಪ್ರಸಿದ್ಧ ಗ್ರಂಥ ಪ್ರಕಟವಾದದ್ದೂ ಅದೇ ವರ್ಷ. ಇಂಥ ಮನೆಯ ಮಕ್ಕಳು ನುಡಿಸಿದಾಗ ‘ರಕ್ತದಲ್ಲೇ ಬಂದಿದೆ’ ಎನ್ನುತ್ತೇವೆ. ರಕ್ತದಲ್ಲಿ ಎಷ್ಟು ಬಂತೋ ಬೇರ್ಪಡಿಸಿ ಹೇಳುವುದು ಕಷ್ಟ. ತೊಟ್ಟಿಲಿನಿಂದಲೇ ಕಿವಿಗೆ ಬಿದ್ದ ಶ್ರುತಿ, ಕೈಗೆಟುಕುವಲ್ಲಿ ಇದ್ದ ವಾದ್ಯ, ತಪ್ಪಿದ ಕ್ಷಣದಲ್ಲೇ ತಿದ್ದುವ ಹಿರಿಯರು, ಇವು ಮಾತ್ರ ಕಣ್ಣಿಗೆ ಕಾಣುವಷ್ಟು ಸ್ಪಷ್ಟ.

ಈ ಮಾತಿಗೆ ಇನ್ನೊಂದು ಮುಖವಿದೆ, ಅದನ್ನು ಈ ವೇದಿಕೆಯಲ್ಲಿ ಹೇಳಲೇಬೇಕು. ನಮ್ಮ ಸಮಾಜದಲ್ಲಿ ಯಾವ ಮನೆಯಲ್ಲಿ ಯಾವ ವಾದ್ಯ ಇರಬೇಕು ಎಂಬುದನ್ನು ಬಹುಕಾಲ ಜಾತಿ ತೀರ್ಮಾನಿಸಿತು. ವೀಣೆಯ ಮನೆಗಳು ಬೇರೆ, ವಾಲಗದ ಮನೆಗಳು ಬೇರೆ, ತಮಟೆಯ ಮನೆಗಳು ಬೇರೆ. ಹೆಣ್ಣುಮಕ್ಕಳಿಗೆ ತಾಳವಾದ್ಯಗಳ ಬಾಗಿಲು ತೆರೆದದ್ದು ಎಷ್ಟೋ ತಡವಾಗಿ. ಬಾಗಿಲು ಮುಚ್ಚಿದ್ದಷ್ಟು ಕಾಲ ಒಳಗೆ ಬರಲಾಗದವರಿಗೆ ‘ಅದು ಅವರ ಕೈಗೆ ಒಗ್ಗುವುದಿಲ್ಲ’ ಎಂಬ ಹೆಸರು ಅಂಟಿತು. ಅವಕಾಶದ ಕೊರತೆಯನ್ನು ಹುಟ್ಟಿನ ಕೊರತೆ ಎಂದು ಓದಿದ ಅನ್ಯಾಯ ಅದು. ಪ್ರತಿಭೆಯ ಮಾತನ್ನು ಹಗುರವಾಗಿ ಆಡಬಾರದು ಎಂದು ನಾನು ಹೇಳುವುದು ಇದಕ್ಕಾಗಿ.

ಸಂಶೋಧನೆ ಏನು ಹೇಳುತ್ತದೆ

ಈಚಿನ ದಶಕಗಳಲ್ಲಿ ಮನೋವಿಜ್ಞಾನಿಗಳು ಈ ಪ್ರಶ್ನೆಯನ್ನು ಅಳೆದು ನೋಡಿದ್ದಾರೆ. 1993ರಲ್ಲಿ ಆಂಡರ್ಸ್ ಎರಿಕ್‌ಸನ್ ಮತ್ತು ಇಬ್ಬರು ಸಂಗಡಿಗರು ಪಶ್ಚಿಮ ಬರ್ಲಿನ್ನಿನ ಸಂಗೀತ ಅಕಾಡೆಮಿಯ ಪಿಟೀಲು ವಿದ್ಯಾರ್ಥಿಗಳ ಅಧ್ಯಯನವನ್ನು ಪ್ರಕಟಿಸಿದರು. 18ನೆಯ ವಯಸ್ಸಿನ ಹೊತ್ತಿಗೆ ಅತ್ಯುತ್ತಮ ಗುಂಪಿನವರು ಸರಾಸರಿ 7,410 ಗಂಟೆ ಒಂಟಿಯಾಗಿ ಕೂತು ಅಭ್ಯಾಸ ಮಾಡಿದ್ದರು. ಉತ್ತಮ ಗುಂಪಿನವರದು 5,301 ಗಂಟೆ, ಸಂಗೀತ ಶಿಕ್ಷಕರಾಗಲು ಓದುತ್ತಿದ್ದವರದು 3,420. ಇದನ್ನೇ ಆಧರಿಸಿ 2008ರಲ್ಲಿ ಮಾಲ್ಕಮ್ ಗ್ಲ್ಯಾಡ್‌ವೆಲ್ ಬರೆದ ಪುಸ್ತಕದಿಂದ ‘ಹತ್ತು ಸಾವಿರ ಗಂಟೆ’ ಎಂಬ ಮಾತು ಮನೆಮಾತಾಯಿತು. ಮೂಲ ಅಧ್ಯಯನ ಅಂಥ ಯಾವ ಹೊಸ್ತಿಲನ್ನೂ ಹಾಕಿರಲಿಲ್ಲ. ಅದು ಒತ್ತಿ ಹೇಳಿದ್ದು ಗಂಟೆಯ ಲೆಕ್ಕಕ್ಕಿಂತ ಅಭ್ಯಾಸದ ಬಗೆಯನ್ನು: ಗೊತ್ತಾದ ಕೊರತೆಯನ್ನು ಗುರಿಯಾಗಿಟ್ಟುಕೊಂಡು, ಪೂರ್ತಿ ಗಮನವಿಟ್ಟು, ತಿದ್ದಿಕೊಳ್ಳುತ್ತ ಮಾಡುವ ಅಭ್ಯಾಸ. ಅಂಥ ಅಭ್ಯಾಸ ದಣಿಸುತ್ತದೆ. ಮುಂದಿದ್ದ ವಿದ್ಯಾರ್ಥಿಗಳು ಉಳಿದವರಿಗಿಂತ ಹೆಚ್ಚು ನಿದ್ದೆಯನ್ನೂ ಮಾಡುತ್ತಿದ್ದರು ಎಂದು ಅದೇ ಅಧ್ಯಯನ ದಾಖಲಿಸಿದೆ. ರಾತ್ರಿ ನಿದ್ದೆಗೆಡಿಸಿ ಮಕ್ಕಳನ್ನು ಕೂರಿಸುವವರು ಈ ಭಾಗವನ್ನು ಗಮನಿಸಬೇಕು.

1996ರಲ್ಲಿ ಬ್ರಿಟನ್ನಿನ ಜಾನ್ ಸ್ಲೊಬೊಡಾ ಮತ್ತು ಸಂಗಡಿಗರು ವಾದ್ಯ ಕಲಿಯುತ್ತಿದ್ದ 257 ಮಕ್ಕಳು ಮತ್ತು ಹದಿಹರೆಯದವರನ್ನು ಅಧ್ಯಯನ ಮಾಡಿದರು. ಮುಂದೆ ಹೋದವರು ಒಂದು ದರ್ಜೆಯಿಂದ ಇನ್ನೊಂದಕ್ಕೆ ಕಡಿಮೆ ಗಂಟೆಗಳಲ್ಲಿ ಹಾರಿಹೋಗಿರಲಿಲ್ಲ. ದರ್ಜೆ ಏರಲು ಬೇಕಾದ ಒಟ್ಟು ಅಭ್ಯಾಸ ಎಲ್ಲರಿಗೂ ಹೆಚ್ಚುಕಡಿಮೆ ಅಷ್ಟೇ. ಅವರು ದಿನವೂ ಹೆಚ್ಚು ಹೊತ್ತು ಕೂತಿದ್ದರು, ಅಷ್ಟೇ ವ್ಯತ್ಯಾಸ.

ಎದುರು ಸಾಕ್ಷ್ಯವನ್ನೂ ಪ್ರಾಮಾಣಿಕವಾಗಿ ಮುಂದಿಡಬೇಕು. 2014ರಲ್ಲಿ ಪ್ರಕಟವಾದ, ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆಯ ಪ್ರಕಾರ, ಸಂಗೀತಗಾರರ ನಡುವಿನ ಸಾಧನೆಯ ವ್ಯತ್ಯಾಸದಲ್ಲಿ ಅಭ್ಯಾಸದಿಂದ ವಿವರಿಸಬಹುದಾದ ಪಾಲು ಶೇ. 21ರಷ್ಟು. ಅದೇ ವರ್ಷ ಸ್ವೀಡನ್ನಿನ ಸಾವಿರಾರು ಅವಳಿಗಳ ಅಧ್ಯಯನ ಇನ್ನೊಂದು ಸಂಗತಿ ತೋರಿಸಿತು. ಸ್ವರ, ಲಯಗಳ ಸೂಕ್ಷ್ಮ ವ್ಯತ್ಯಾಸ ಗುರುತಿಸುವ ಕಿವಿಯ ಶಕ್ತಿ ಅಭ್ಯಾಸದ ಗಂಟೆಗಳಿಗಿಂತ ಹುಟ್ಟಿಗೆ ಹೆಚ್ಚು ಅಂಟಿಕೊಂಡಿತ್ತು. ಅಭ್ಯಾಸಕ್ಕೆ ಕೂರುವ ಮನಸ್ಸಿನಲ್ಲೂ ಹುಟ್ಟಿನ ಪಾಲು ಇತ್ತು. ಆದ್ದರಿಂದ ‘ಸಾಧಕ ಮಾಡಿದರೆ ಯಾರು ಬೇಕಾದರೂ ಚೌಡಯ್ಯ ಆಗಬಹುದು’ ಎಂದು ಹೇಳಲು ಬರುವುದಿಲ್ಲ, ಹೇಳಲೂಬಾರದು. ಸೋತ ಮಗುವಿನ ಮೇಲೆ ‘ನೀನು ಸಾಕಷ್ಟು ಕಷ್ಟಪಡಲಿಲ್ಲ’ ಎಂಬ ಆರೋಪ ಹೊರಿಸುವುದೂ ಕ್ರೌರ್ಯವೇ.

ಆದರೆ ಈ ಅಂಕಿಗಳು ಇನ್ನೊಬ್ಬರಿಗಿಂತ ಯಾರು ಮುಂದೆ ಎಂಬ ಪ್ರಶ್ನೆಗೆ ಉತ್ತರ. ವೀಣೆಯೇ ಬಾರದ ಮಗುವಿಗೆ ವೀಣೆ ಬರುವಂತಾಗುವುದು ಹೇಗೆ ಎಂಬ ಪ್ರಶ್ನೆಗೆ ಈಗಲೂ ಒಂದೇ ಉತ್ತರ, ಸಾಧಕ. ಇನ್ನೂ ಒಂದು ಮಾತು. ಯಾವ ಆಧಾರವೂ ಇಲ್ಲದೆ ಸ್ವರದ ಸ್ಥಾನ ಹೇಳಿಬಿಡುವ ಕಿವಿ ಕೆಲವರಿಗಿದೆ, ಅದನ್ನು ಪ್ರತಿಭೆಯ ಮುದ್ರೆ ಎಂದು ಎಣಿಸುವುದುಂಟು. ನಮ್ಮ ಸಂಗೀತಕ್ಕೆ ಅದು ಬೇಕಾಗಿಯೇ ಇಲ್ಲ. ಇಲ್ಲಿ ಆಧಾರ ಷಡ್ಜವನ್ನು ಹಾಡುವವರು, ನುಡಿಸುವವರು ತಮಗೆ ತಕ್ಕಂತೆ ಆರಿಸಿಕೊಳ್ಳುತ್ತಾರೆ. ಉಳಿದ ಸ್ವರಗಳೆಲ್ಲ ಆ ಷಡ್ಜದೊಂದಿಗಿನ ಸಂಬಂಧದಲ್ಲಿ ನಿಲ್ಲುತ್ತವೆ. ಆ ಸಂಬಂಧವನ್ನು ಗುರುತಿಸುವುದನ್ನು ತಂಬೂರಿಯ ಜತೆ ಕೂತು ಕಲಿಯಬಹುದು, ಕಲಿಸಬಹುದು.

ಗದುಗಿನ ಪಾಠ

ನನ್ನ ವಾದಕ್ಕೆ ಬಲವಾದ ಸಾಕ್ಷಿ ಪ್ರಯೋಗಾಲಯದಲ್ಲಿಲ್ಲ, ಗದುಗಿನಲ್ಲಿದೆ. ಪಂಚಾಕ್ಷರ ಗವಾಯಿಗಳು 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು. ಹುಟ್ಟು ಅಂಧರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತರು, ಊರೂರು ತಿರುಗಿ ಸಂಗೀತ ಶಾಲೆ ನಡೆಸಿದರು, ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದರು. ಅಲ್ಲಿಗೆ ಬಂದವರಲ್ಲಿ ಎಷ್ಟೋ ಮಕ್ಕಳು ಅಂಧರು, ಅನಾಥರು, ಬಡವರು. ಸಂಗೀತದ ಮನೆತನದ ಬೆಂಬಲವಿಲ್ಲದೆ ಬಂದವರು. ಆಶ್ರಮ ಅವರಿಗೆ ಮೊದಲು ಕೊಟ್ಟದ್ದು ಊಟ, ವಸತಿ ಮತ್ತು ಪಾಠ.

ಆ ಶಿಷ್ಯರಲ್ಲಿ ಒಬ್ಬರು ಪುಟ್ಟರಾಜ ಗವಾಯಿಗಳು. ಹಸುಗೂಸಾಗಿದ್ದಾಗಲೇ ದೃಷ್ಟಿ ಹೋಗಿತ್ತು. ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಹೀಗೆ ಒಂದಲ್ಲ ಹಲವು ವಾದ್ಯಗಳಲ್ಲಿ ಪಳಗಿದರು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಹೊಣೆ ಹೊತ್ತು, 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೂ ಸಾವಿರಾರು ಮಕ್ಕಳನ್ನು ತಿದ್ದಿದರು. ಅಲ್ಲಿ ಕಲಿತವರೆಲ್ಲ ಪ್ರಸಿದ್ಧರಾಗಲಿಲ್ಲ. ಕೆಲವರು ದೊಡ್ಡ ಕಲಾವಿದರಾದರು, ಬಹಳ ಮಂದಿ ಶಾಲೆಗಳಲ್ಲಿ ಸಂಗೀತ ಶಿಕ್ಷಕರಾದರು, ಕೀರ್ತನಕಾರರಿಗೆ ಸಾಥಿ ನೀಡಿದರು, ನಾಟಕ ಕಂಪನಿಗಳಲ್ಲಿ ನುಡಿಸಿದರು, ಸ್ವಂತ ಕಾಲ ಮೇಲೆ ನಿಂತರು. ಮೊದಲ ದಿನ ಪ್ರತಿಭೆಯ ಪರೀಕ್ಷೆ ಇಟ್ಟು ಆರಿಸಿದ್ದರೆ ಇವರಲ್ಲಿ ಎಷ್ಟು ಮಂದಿ ಒಳಗೆ ಬರುತ್ತಿದ್ದರು? ಯಾರಲ್ಲಿ ಏನಿದೆ ಎಂಬುದನ್ನು ಆಶ್ರಮ ಕಂಡುಕೊಂಡದ್ದು ಕಲಿಸಿದ ಮೇಲೆ.

ಎಂಥ ಸಾಧಕ, ಯಾರ ಹೊಣೆ

ಸಾಧಕ ಎಂದರೆ ಗಡಿಯಾರ ನೋಡಿಕೊಂಡು ಕೂರುವುದಲ್ಲ. ತಪ್ಪನ್ನು ನೂರು ಸಲ ನುಡಿಸಿದರೆ ತಪ್ಪೇ ಗಟ್ಟಿಯಾಗುತ್ತದೆ. ವರ್ಣದ ಒಂದು ಎತ್ತುಗಡೆಯಲ್ಲಿ ಬೆರಳು ತಡವರಿಸಿದರೆ, ಇಡೀ ವರ್ಣವನ್ನು ಮತ್ತೆ ಮತ್ತೆ ನುಡಿಸಬೇಕಿಲ್ಲ. ಆ ಒಂದು ಆವರ್ತವನ್ನು ತೆಗೆದುಕೊಂಡು, ಬಾಯಲ್ಲಿ ಹಾಡಿ, ಕಾಲ ಇಳಿಸಿ, ಗಂಟು ಎಲ್ಲಿದೆ ಎಂದು ಹುಡುಕಿ ಬಿಡಿಸಬೇಕು. ಹಾಗೆ ಹುಡುಕುವುದನ್ನು ಕಲಿಸುವುದೇ ಗುರುವಿನ ಕೆಲಸ. ಅದರ ಜತೆಗೆ ಕೇಳ್ಮೆ ಬೇಕು. 1939ರಲ್ಲಿ ಆರಂಭವಾಗಿ ಬೆಂಗಳೂರಿನ ಕೋಟೆ ಪ್ರೌಢಶಾಲೆಯ ಅಂಗಳದಲ್ಲಿ ನಡೆದುಬಂದ ರಾಮೋತ್ಸವ, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರ ಇಂಥ ಜಾಗಗಳು ತಲೆಮಾರುಗಳ ಕಿವಿಯನ್ನು ಬೆಳೆಸಿವೆ.

ಆಸ್ಟ್ರೇಲಿಯಾದ ಗ್ಯಾರಿ ಮೆಕ್‌ಫರ್ಸನ್ ವಾದ್ಯ ಕಲಿಯಲು ಹೊರಟ ಮಕ್ಕಳನ್ನು ಪಾಠ ಶುರುವಾಗುವ ಮೊದಲೇ ಕೇಳಿದರು: ಎಷ್ಟು ಕಾಲ ನುಡಿಸಬೇಕೆಂದಿದ್ದೀಯ? ಬಹಳ ವರ್ಷ ಎಂದ ಮಕ್ಕಳು, ಅಷ್ಟೇ ಹೊತ್ತು ಅಭ್ಯಾಸ ಮಾಡಿದ ಇತರ ಮಕ್ಕಳಿಗಿಂತ ತುಂಬ ಮುಂದೆ ಹೋದರು. ಇದು ನನ್ನದು, ನನ್ನ ಜತೆ ಉಳಿಯುತ್ತದೆ ಎಂಬ ಭಾವ ಅಭ್ಯಾಸಕ್ಕೆ ಬಲ ಕೊಡುತ್ತದೆ. ಆ ಭಾವವನ್ನು ನಾವು ಮಕ್ಕಳಲ್ಲಿ ಬೆಳೆಸಬಲ್ಲೆವು. ‘ನಿನಗೆ ಬರುತ್ತದೆಯೋ ನೋಡೋಣ’ ಎಂಬ ಮಾತಿನಿಂದ ಅದನ್ನು ಕೆಡಿಸಲೂ ಬಲ್ಲೆವು.

ಆದ್ದರಿಂದ ನನ್ನ ಕೋರಿಕೆಗಳು ಇವು. ತಾಯಿತಂದೆಯರೆ, ಮಗು ಬಯಸಿ ಬಂದ ವಾದ್ಯಕ್ಕೆ ಮೂರು ವರ್ಷವಾದರೂ ಕಾಲ ಕೊಡಿ. ಅಷ್ಟರೊಳಗೆ ಇನ್ನೊಂದು ಮಗುವಿನ ಜತೆ ಹೋಲಿಸಬೇಡಿ. ಅದು ಸಾಧಕಕ್ಕೆ ಕೂತಾಗ ಟಿವಿ ಆರಿಸಿ, ಹತ್ತು ನಿಮಿಷ ಪಕ್ಕದಲ್ಲಿ ಕೂತು ಕೇಳಿ. ಶಿಕ್ಷಕ ಮಿತ್ರರೆ, ಬೇಗ ಕಲಿಯುವ ಮಗುವಿಗೆ ಕೊಡುವ ಗಮನವನ್ನು ತಡವಾಗಿ ಕಲಿಯುವ ಮಗುವಿಗೂ ಕೊಡೋಣ, ಅದಕ್ಕೆ ನಮ್ಮ ಅಗತ್ಯ ಹೆಚ್ಚು. ಸಭೆ ಸಂಸ್ಥೆಗಳನ್ನು ನಡೆಸುವ ಹಿರಿಯರೆ, ಬಹುಮಾನಗಳ ಜತೆಗೆ ವಾದ್ಯಗಳನ್ನು ಕೊಡುವ ಯೋಜನೆ ಮಾಡಿ. ವೀಣೆ, ಪಿಟೀಲು ಕೊಳ್ಳಲಾಗದ ಮನೆಯ ಮಗುವಿಗೆ ಒಂದು ವಾದ್ಯವನ್ನು ಎರವಲಾಗಿ ಕೊಟ್ಟರೆ, ಶಾಲೆಯ ಒಂದು ಕೋಣೆಯನ್ನು ಸಂಜೆ ಸಾಧಕಕ್ಕೆ ತೆರೆದರೆ, ನಾಡಿನ ಸಂಗೀತಕ್ಕೆ ಅದೇ ದೊಡ್ಡ ದತ್ತಿ.

ಯಾವ ಮಗು ಎಷ್ಟು ದೂರ ಹೋಗುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಹೊರಡುವ ಅವಕಾಶ ಪ್ರತಿ ಮಗುವಿಗೂ ಸಿಗುವಂತೆ ಮಾಡುವುದು ಮಾತ್ರ ಪೂರ್ತಿಯಾಗಿ ನಮ್ಮ ಕೈಯಲ್ಲಿದೆ. ಆ ಕೆಲಸವನ್ನು ಪ್ರತಿಭೆಯ ಹೆಸರಿನಲ್ಲಿ ಮುಂದೂಡದಿರೋಣ.